ಪಾಸಿನ ಬೆನ್ನಿಗೊಂದು ದಂಡದ ರಸೀದಿ

ಈ ಪಾಸಿಗೆ ನಾನು ತೆತ್ತದ್ದು ಇಷ್ಟು: ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ರೈಲು ಟಿಕೆಟ್, ಆ ಟಿಕೆಟ್ ಜೇಬಿನಲ್ಲಿದ್ದೂ ಟಿಕೆಟ್ ಇಲ್ಲದವನೆಂದು ಕಟ್ಟಿದ ದಂಡ, ಮತ್ತು ಒಬ್ಬ ಒಳ್ಳೆಯ ಗಿರಾಕಿ. ದಂಡಕ್ಕೆ ರಸೀದಿ ಸಿಕ್ಕಿತು. ಅದನ್ನೇ ಪಾಸಿನ ಬೆನ್ನಿಗೆ ಪಿನ್ ಹೊಡೆದು ಇಟ್ಟಿದ್ದೇನೆ. ಗಿರಾಕಿ ಹೋದದ್ದಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ಹೇಳಿದ ಬೆಲೆಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಕೊಳ್ಳದವನು ನಾನು. ಆ ದಿನ ಮಾತ್ರ ಚೌಕಾಸಿ ಮಾಡದೆ ಕೊಟ್ಟೆ. ಯಾಕೆಂದರೆ ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಟೀಚರ್ ಕೂತಿದ್ದರು. ಅವರ ಮಡಿಲಲ್ಲಿದ್ದ ಪಾಸಿನ ಆಲ್ಬಂ ಮೇಲೆ ಟಿ.ಸಿ. ಕಣ್ಣು ಬಿದ್ದಿತ್ತು. ರೈಲು ಶಿವಮೊಗ್ಗ ಮುಟ್ಟುವುದರೊಳಗೆ ಅವರ ಟಿಕೆಟ್ ಸಿಗದಿದ್ದರೆ ಆಲ್ಬಮ್ಮೂ ಹೋಗುತ್ತಿತ್ತು, ಕಳ್ಳ ಪಾಸು ಮಾಡಿಕೊಂಡು ಟಿಕೆಟ್ ಇಲ್ಲದೆ ಓಡಾಡುವವರು ಎಂದು ಅವರ ಹೆಸರೂ ಕಾಗದದ ಮೇಲೆ ಬೀಳುತ್ತಿತ್ತು.

ಮೊದಲು ಈ ಪಾಸು ಎಂದರೆ ಏನೆಂದು ಹೇಳಿಬಿಡಬೇಕು. ನಮ್ಮಂಥ ಕೆಲವರಿಗೆ ಪುಟ್ಟ ರೈಲಿನ ಹುಚ್ಚು. ಮಕ್ಕಳು ದಾರ ಕಟ್ಟಿ ಎಳೆಯುವ ಆಟಿಕೆಯಲ್ಲ. ಬೆರಳಗಲದ ಹಳಿ, ಅಂಗೈಯಷ್ಟು ಎಂಜಿನ್ನು, ಸುರಂಗ, ಸೇತುವೆ, ಸಿಗ್ನಲ್, ಪ್ಲಾಟ್‌ಫಾರ್ಮಿನ ಮೇಲೆ ಅವರೆಕಾಳಿನ ಎತ್ತರದ ಪ್ರಯಾಣಿಕರು, ಎಲ್ಲ ಸೇರಿ ಮನೆಯ ಒಂದು ಕೋಣೆಯನ್ನೇ ನುಂಗುವ ರೈಲು. ನಾನು ಹಳೇ ಮೋಟಾರು, ಪಂಪುಗಳನ್ನು ಕೊಂಡು ಸರಿಮಾಡಿ ಮಾರುವವನು. ಬೇರೆಯವರ ಅಂಗಡಿಯಲ್ಲಿ ಸುಟ್ಟ ಮೋಟಾರಿನ ತಂತಿ ಬಿಚ್ಚುವುದರಿಂದ ಶುರುಮಾಡಿ ಸ್ವಂತ ಬೋರ್ಡು ಹಾಕಿಕೊಂಡವನು. ಮೋಟಾರು ಬಲ್ಲವನಿಗೆ ಅಂಗೈಯಷ್ಟು ಎಂಜಿನ್ನು ಕಷ್ಟವಲ್ಲ. ರವೀಂದ್ರನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನನ್ನ ಲೈನ್ ಇದೆ. ಅದಕ್ಕೆ ‘ಮಹಡಿ ಘಟ್ಟ ರೈಲ್ವೆ’ ಎಂದು ಹೆಸರಿಟ್ಟಿದ್ದೇನೆ. ಟೀಚರ್ ಅವರದು ಭದ್ರಾವತಿಯ ನ್ಯೂ ಟೌನಿನಲ್ಲಿ, ಮನೆಯ ಹಿಂದೆ ಶೀಟು ಹೊದಿಸಿದ ಜಾಗದಲ್ಲಿ. ಹೆಸರು ‘ಹಿತ್ತಲ ಲೈನ್’. ಅವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಅವರ ಬೆಟ್ಟಗಳನ್ನು ನೋಡಿದರೆ ನನ್ನ ಬೆಟ್ಟಗಳು ಹಿಟ್ಟಿನ ಮುದ್ದೆ ಇಟ್ಟ ಹಾಗೆ ಕಾಣುತ್ತವೆ.

ಒಬ್ಬೊಬ್ಬರಿಗೂ ಒಂದೊಂದು ರೈಲ್ವೆ ಇದ್ದ ಮೇಲೆ ಒಬ್ಬೊಬ್ಬರೂ ಜನರಲ್ ಮ್ಯಾನೇಜರ್. ಒಂದು ರೈಲ್ವೆಯ ಜನರಲ್ ಮ್ಯಾನೇಜರು ಇನ್ನೊಂದು ರೈಲ್ವೆಯವರಿಗೆ ಗೌರವದ ಪಾಸು ಕೊಡುವುದು ನಮ್ಮ ಪದ್ಧತಿ. ವಿಸಿಟಿಂಗ್ ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ರೈಲ್ವೆಯ ಹೆಸರು, ಲಾಂಛನ, ನಂಬರು, ವರ್ಷ, ಸಹಿ. ಆ ಪಾಸು ಹಿಡಿದು ಬಂದವರಿಗೆ ಆ ಮನೆಯವರು ರೈಲು ಓಡಿಸಿ ತೋರಿಸಬೇಕು, ಕಾಫಿ ಕೊಡಬೇಕು. ಪಾಸಿಗೆ ಪಾಸು, ಅಷ್ಟೇ. ದುಡ್ಡು ನಡುವೆ ಬರುವಂತಿಲ್ಲ. ನಾನು ನನ್ನದನ್ನು ಮದುವೆ ಕಾರ್ಡು ಮಾಡುವವರ ಹತ್ತಿರ ಪ್ರಿಂಟ್ ಮಾಡಿಸುತ್ತೇನೆ, ಮದುವೆ ಸೀಸನ್ನು ಮುಗಿದ ಮೇಲೆ, ಉಳಿದ ಚಿನ್ನದ ಬಣ್ಣದಲ್ಲಿ, ಅರ್ಧ ಬೆಲೆಗೆ. ಟೀಚರ್ ಒಂದೊಂದನ್ನೂ ಕೈಯಲ್ಲೇ ಬರೆದು ಬಣ್ಣ ಹಾಕುತ್ತಾರೆ.

ಇನ್ನೊಂದು ಪದ್ಧತಿಯಿದೆ. ಅದು ನಮ್ಮ ಕಡೆಯವರದೇ, ಬೇರೆಲ್ಲೂ ಇದ್ದಂತಿಲ್ಲ. ಪಾಸನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನಿಜವಾದ ರೈಲಿನಲ್ಲಿ ಹೋಗಿ ಕೈಯಾರೆ ಕೊಡಬೇಕು ಅಥವಾ ತರಬೇಕು. ಆ ಪ್ರಯಾಣದ ಟಿಕೆಟನ್ನು ಪಾಸಿನ ಬೆನ್ನಿಗೆ ಗುಂಡುಪಿನ್ನಿನಿಂದ ಚುಚ್ಚಬೇಕು. ಅಲ್ಲಿಯವರೆಗೆ ಅದು ‘ಹಸಿ’. ಟಿಕೆಟ್ ಬಿದ್ದ ಮೇಲೆ ‘ಬೆಂದದ್ದು’. ಅಡಿಕೆ ವ್ಯಾಪಾರದ ಮಾತನ್ನು ಯಾರು ಮೊದಲು ತಂದು ಹಚ್ಚಿದರೋ ಗೊತ್ತಿಲ್ಲ, ಆದರೆ ಹಸಿ ಪಾಸಿಗೆ ನಮ್ಮಲ್ಲಿ ಬೆಲೆಯಿಲ್ಲ. ಫೋನಿನಲ್ಲಿ ಟಿಕೆಟ್ ತೆಗೆಯುವ ಕಾಲ ಬಂದರೂ ನಾವು ಕೌಂಟರಿನ ಮುಂದೆ ನಿಲ್ಲುವುದು ಇದಕ್ಕೇ. ಫೋನಿಗೆ ಪಿನ್ ಚುಚ್ಚಲಾಗುವುದಿಲ್ಲ. ಇಬ್ಬರು ಜೊತೆಯಲ್ಲಿ ಹೊರಟರೂ ಟಿಕೆಟ್ ಬೇರೆ ಬೇರೆ. ಮತ್ತೆ, ವಿನಿಮಯದ ಮಾತು ನಡೆಯುವಾಗ ಎದುರಿನವರು ನಿಮ್ಮ ಕಾರ್ಡಿಗೆ ತಮ್ಮ ಟಿಕೆಟ್ ಚುಚ್ಚಿದರೆಂದರೆ ವ್ಯಾಪಾರ ಮುಗಿಯಿತು. ಕೈ ಕುಲುಕಬೇಕಿಲ್ಲ, ಬಾಯಿ ಬಿಡಬೇಕಿಲ್ಲ.

ಆ ಭಾನುವಾರ ನಮ್ಮ ಮಹಡಿಯಲ್ಲಿ ವರ್ಷದ ವಿನಿಮಯ. ಸುತ್ತಲಿನ ನಾಲ್ಕಾರು ಊರಿನವರು ಬರುವವರಿದ್ದರು. ನಾನು ಬೆಳಿಗ್ಗೆಯೇ ಭದ್ರಾವತಿಗೆ ಹೋಗಿ ಒಂದು ಮೋಟಾರು ನೋಡಿಕೊಂಡು, ಹಾಗೇ ನ್ಯೂ ಟೌನಿಗೆ ಹೋಗಿ ಟೀಚರನ್ನು ಕರೆದುಕೊಂಡು ಸ್ಟೇಷನ್ನಿಗೆ ಬಂದೆ. ಅವರ ಹತ್ತಿರ ಎಂಜಿನ್ನಿನ ಪೆಟ್ಟಿಗೆ, ಆಲ್ಬಂ. ನನ್ನ ಹತ್ತಿರ ಪಾಸು ತುಂಬಿದ ಬಿಸ್ಕತ್ ಡಬ್ಬಿ. ಕೌಂಟರಿನಲ್ಲಿ ಇಬ್ಬರೂ ಬೇರೆ ಬೇರೆ ಟಿಕೆಟ್ ತೆಗೆದೆವು. ರೈಲು ಬರಲು ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಡಬ್ಬಿ ತೆಗೆದು ಒಂದು ಕಾರ್ಡು ಅವರ ಕೈಗಿಟ್ಟೆ.

ಅದು ಹಾಸನದ ಕಡೆಯ ಒಬ್ಬ ಗೆಳೆಯರ ರೈಲ್ವೆಯ ಪಾಸು. ಅವರು ಈಗಿಲ್ಲ. ಅವರ ಲೈನನ್ನು ಮನೆಯವರು ಬಿಚ್ಚಿಹಾಕಿದ್ದಾರೆ. ಆ ರೈಲ್ವೆಯಿಂದ ಉಳಿದದ್ದು ನಾಲ್ಕೈದು ಕಾರ್ಡು ಮಾತ್ರ. ಟೀಚರ್ ಹತ್ತಿರ ಒಂದಿತ್ತು. ಅದಕ್ಕೆ ಗೆದ್ದಲು ಹಿಡಿದು ಹೋಯಿತು. ಅದು ಅವರಿಗೆ ಬೇಕೆಂದು ನನಗೆ ಗೊತ್ತಿತ್ತು. ನನಗೆ ಬೇಕಾದದ್ದು ಅವರ ಹಿತ್ತಲ ಲೈನಿನ ಮೊದಲ ವರ್ಷದ ಪಾಸು. ಹಳಿಯ ಮೇಲೆ ಬೆಕ್ಕು ಮಲಗಿರುವ ಚಿತ್ರ ಇರುವುದು.

“ಇದನ್ನ ತಗೊಳಿ, ಬೆಕ್ಕನ್ನ ಕೊಡಿ” ಅಂದೆ.

“ಬೆಕ್ಕು ಕೊಟ್ರೆ ಮನೇಲಿ ಇಲಿ ಜಾಸ್ತಿ ಆಗುತ್ತೆ ಸಾವ್ಕಾರ್ರೆ” ಅಂದರು. ನಾನು ಸಾವ್ಕಾರನೇನಲ್ಲ, ಚೌಕಾಸಿಗೆ ಅವರು ಇಟ್ಟ ಹೆಸರು. ಆಮೇಲೆ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತ ಕೂತರು.

ದೂರದಲ್ಲಿ ರೈಲಿನ ಸದ್ದು ಕೇಳಿ ನಾನು ಎದ್ದು ಅತ್ತ ನೋಡಿದೆ. ತಿರುಗಿದಾಗಲೂ ಅವರು ಸುಮ್ಮನಿದ್ದರು. ಗಿರಾಕಿ ಸುಮ್ಮನಿದ್ದರೆ ಮನಸ್ಸು ತೂಗುತ್ತಿದೆ ಎಂದು ಅರ್ಥ. ಆಗ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಇದು ನನ್ನ ಅಂಗಡಿಯ ಲೆಕ್ಕಾಚಾರ. “ಬೆಕ್ಕಿನ ಜೊತೆ ಈ ವರ್ಷದ್ದು ಇನ್ನೊಂದು ಸೇರಿಸಿ ಟೀಚರ್, ಇಲ್ಲಾಂದ್ರೆ ಬೇಡ” ಎಂದು ಅವರ ಮಡಿಲಿನಿಂದ ಕಾರ್ಡನ್ನು ಎತ್ತಿಕೊಂಡು, ರೈಲಿನ ಕಡೆಗೇ ಕಣ್ಣಿಟ್ಟು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಅವರು ನಕ್ಕರು. ರೈಲು ಬಂತು. ಪೆಟ್ಟಿಗೆ, ಡಬ್ಬಿ, ಆಲ್ಬಂ ಎಲ್ಲ ಹೊತ್ತು ಹತ್ತುವ ಗಡಿಬಿಡಿಯಲ್ಲಿ ಆ ನಗುವಿನ ಅರ್ಥ ಏನೆಂದು ನಾನು ಕೇಳಲಿಲ್ಲ.

ಜನರಲ್ ಬೋಗಿ. ಕಿಟಕಿ ಪಕ್ಕ ಅವರಿಗೆ ಸೀಟು ಸಿಕ್ಕಿತು, ಅವರ ಪಕ್ಕ ನಾನು. ಎದುರಿಗೆ ಬುಟ್ಟಿ ತುಂಬ ಸೇವಂತಿಗೆ ಇಟ್ಟುಕೊಂಡ ಒಬ್ಬ ಹೆಂಗಸು. ಅವಳ ಪಕ್ಕ ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬ ರೈತ ನನ್ನನ್ನು ನೋಡಿ ತಲೆಯಾಡಿಸಿದ. ಎರಡು ವರ್ಷದ ಹಿಂದೆ ನಮ್ಮಲ್ಲಿ ಪಂಪ್ ಕೊಂಡಿದ್ದವನು, ಇನ್ನೊಂದಕ್ಕೆ ಬರುತ್ತೇನೆ ಎಂದಿದ್ದವನು.

ರೈಲು ಭದ್ರಾವತಿ ಬಿಟ್ಟು ಸ್ವಲ್ಪ ಹೊತ್ತಿಗೆ ಟಿ.ಸಿ. ಬಂದರು. ವಯಸ್ಸು ಚಿಕ್ಕದು, ಮಾತು ಮೆಲ್ಲಗೆ. ಗಟ್ಟಿ ದನಿಯವರ ಹತ್ತಿರ ಚೌಕಾಸಿ ಸುಲಭ, ಕೂಗಿ ಕೂಗಿ ಸುಸ್ತಾದ ಮೇಲೆ ಅವರೇ ಇಳಿಯುತ್ತಾರೆ. ಮೆಲ್ಲಗೆ ಮಾತಾಡುವವರ ಹತ್ತಿರ ಏನೂ ನಡೆಯುವುದಿಲ್ಲ.

“ಟಿಕೆಟ್ ಮೇಡಂ.”

ಟೀಚರ್ ಆಲ್ಬಂ ತೆರೆದರು, ಮೇಲಿನ ಕಾರ್ಡನ್ನು ತೆಗೆದು ಬೆನ್ನು ಮೇಲಾಗಿ ಕೊಟ್ಟರು. ಅವರು ಅದಕ್ಕೇ ಪಿನ್ ಹೊಡೆದಿದ್ದೇನೆ ಎಂದುಕೊಂಡಿದ್ದರು. ಟಿ.ಸಿ. ನೋಡಿದರು.

“ಇದು ಹೋದ ವರ್ಷದ್ದು ಮೇಡಂ.”

“ಹೌದಾ? ಹಾಗಾದ್ರೆ ಇದು.” ಇನ್ನೊಂದು ಕೊಟ್ಟರು.

“ಇದು ಅದಕ್ಕೂ ಹಿಂದಿಂದು.” ಅವರು ಈಗ ಕಾರ್ಡನ್ನು ತಿರುಗಿಸಿದರು. ಮುಂದೆ ರೈಲ್ವೆಯ ಹೆಸರು, ಪಾಸ್ ನಂಬರು, ಜನರಲ್ ಮ್ಯಾನೇಜರ್ ಎಂದು ಸಹಿ. ಅವರ ಮುಖದ ಮೇಲೆ ಇದ್ದ ಸೌಜನ್ಯ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. “ಆಲ್ಬಂ ಸ್ವಲ್ಪ ಕೊಡಿ.”

ಕೊಟ್ಟರು. ಅವರು ನಿಂತಲ್ಲೇ ಹಾಳೆ ತಿರುವತೊಡಗಿದರು. ಒಂದೊಂದು ಹಾಳೆಯಲ್ಲೂ ಪಾಸು, ಒಂದೊಂದು ಪಾಸಿನ ಬೆನ್ನಲ್ಲೂ ಟಿಕೆಟ್. ಯಾವ ಯಾವ ಊರಿನದೋ, ಯಾವ ಯಾವ ವರ್ಷದ್ದೋ. ಕೆಲವು ಮಸಿ ಮಾಸಿ ಬರೀ ಹಳದಿ ಕಾಗದ. ನಮಗೆ ಅದು ಸಂಗ್ರಹ. ಅವರ ಜಾಗದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ ಎಂದು ಆ ಕ್ಷಣದಲ್ಲಿ ನನಗೆ ಹೊಳೆಯಿತು.

“ಇಷ್ಟೊಂದು ಪಾಸು. ಇಷ್ಟೊಂದು ಹಳೇ ಟಿಕೆಟು. ಇವತ್ತಿಂದು ಒಂದೂ ಇಲ್ಲ” ಅಂದರು.

“ಇದೆ” ಅಂದರು ಟೀಚರ್. “ತಗೊಂಡಿದೀನಿ. ಪಿನ್ ಹೊಡೆದದ್ದು ನೆನಪಿದೆ. ಯಾವುದಕ್ಕೆ ಹೊಡೆದೆ ಅಂತ ನೆನಪಿಲ್ಲ.”

ಸೇವಂತಿಗೆಯವಳು ಕತ್ತು ಚಾಚಿದಳು. “ಟಿಕೆಟ್‌ಗೆ ಯಾಕಮ್ಮ ಪಿನ್ನು? ಗಾಳಿಗೆ ಹಾರಿ ಹೋಗ್ತದಾ?”

ನಾನು ಬಾಯಿ ಹಾಕಿದೆ. ಇದು ಆಟದ ರೈಲು ಸಾರ್, ನಾವು ಹವ್ಯಾಸಿಗಳು, ಇದು ನೆನಪಿನ ಪಾಸು, ಇದನ್ನ ಹಿಡ್ಕೊಂಡು ಯಾವ ರೈಲನ್ನೂ ಹತ್ತಕ್ಕಾಗಲ್ಲ, ಬೇಕಾದರೆ ಓದಿ ನೋಡಿ ಎಂದು ಒಂದು ಕಾರ್ಡನ್ನು ಬೆರಳಿನಿಂದ ತೋರಿಸಿದೆ. ಟೀಚರ್ ತಮ್ಮ ಪಾಸುಗಳ ಕೆಳಗೆ ನಿಯಮ ಬರೆಯುತ್ತಾರೆ. ಟಿ.ಸಿ. ಮೆಲ್ಲಗೆ ಓದಿದರು: “ಬೆಕ್ಕು ಹಳಿಯ ಮೇಲೆ ಮಲಗಿದ್ದರೆ ಗಾಡಿ ತಡವಾಗುವುದು. ಬೆಕ್ಕನ್ನು ಎಬ್ಬಿಸತಕ್ಕದ್ದಲ್ಲ.” ತುಟಿಯ ಒಂದು ತುದಿ ಅಲುಗಿತು. ಕೆಲಸ ಆಯಿತು ಎಂದುಕೊಂಡೆ.

ಆಗಲಿಲ್ಲ. ಅವರು ಮುಂದಿನ ಹಾಳೆ ತಿರುವಿದರು. ಅಲ್ಲಿ ನನ್ನ ಹೋದ ವರ್ಷದ ಪಾಸಿತ್ತು, ಉಬ್ಬು ಅಚ್ಚಿನ ಚಕ್ರ, ದುಂಡು ಮೊಹರು, ಚಿನ್ನದ ಅಂಚು. ನೋಡಿದವರು ನಿಜದ್ದು ಎನ್ನಬೇಕು ಎಂದು ಪ್ರಿಂಟಿಂಗಿನವರ ತಲೆ ತಿಂದು ಮಾಡಿಸಿದ್ದು. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ನಗು ಹೋಯಿತು.

“ನೋಡಿ ಸಾರ್,” ಅಂದರು ನನ್ನ ಕಡೆ ತಿರುಗಿ, “ನೀವು ಹೇಳೋದು ನಿಜ ಇರಬಹುದು. ಮೇಡಂ ಇವತ್ತಿನ ಟಿಕೆಟ್ ತೋರಿಸಿದ್ರೆ ಇದೆಲ್ಲ ಆಟದ ಸಾಮಾನು. ತೋರಿಸ್ಲಿಲ್ಲ ಅಂದ್ರೆ, ಟಿಕೆಟ್ ಇಲ್ದೆ ಪ್ರಯಾಣ ಮಾಡೋರ ಹತ್ರ ಇಷ್ಟು ಪಾಸು ಸಿಕ್ತು ಅಂತ ನಾನು ಬರೀಲೇಬೇಕು. ಆಲ್ಬಂ ಶಿವಮೊಗ್ಗದಲ್ಲಿ ಆಫೀಸಿಗೆ ಕೊಡ್ತೀನಿ. ಅವರು ನೋಡಿ ವಾಪಸ್ ಕೊಡ್ತಾರೋ ಬಿಡ್ತಾರೋ.”

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದೇ ಭಯ. ತಪ್ಪು ಮಾಡುವವರನ್ನು ದಾರಿಗೆ ತರಬಹುದು.

ಟೀಚರ್ ಆಲ್ಬಮ್ಮನ್ನು ಒಂದು ಸಲ ವಾಪಸ್ ಕೇಳಿಕೊಂಡು, ಅವರ ಕಣ್ಣೆದುರಿಗೇ ಹುಡುಕತೊಡಗಿದರು. ಸೆರಗಿನ ಅಂಚಿನಲ್ಲಿ ಯಾವಾಗಲೂ ಸಾಲಾಗಿ ಚುಚ್ಚಿಕೊಂಡಿರುವ ಗುಂಡುಪಿನ್ನುಗಳು ರೈಲಿನ ಕುಲುಕಾಟಕ್ಕೆ ಮಿನುಗುತ್ತಿದ್ದವು. ಒಂದೊಂದು ಪಾಸನ್ನೂ ಕವರಿನಿಂದ ತೆಗೆದು, ತಿರುಗಿಸಿ, ಟಿಕೆಟಿನ ತಾರೀಖು ಓದಿ, ಮತ್ತೆ ಒಳಗಿಡುವುದು. ಅವಸರಕ್ಕೆ ಕಾರ್ಡು ಕವರಿಗೆ ಹೋಗುತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಒಬ್ಬ ಫೋನು ಎತ್ತಿ ಹಿಡಿದ. ಬಾಗಿಲ ಕಡೆಯಿಂದ ಯಾರೋ, “ಅಯ್ಯೋ, ಅವರು ನಮ್ಮ ಶಾಲೆ ಡ್ರಾಯಿಂಗ್ ಮೇಡಂ ಅಲ್ವೇನೋ” ಅಂದದ್ದು ಕೇಳಿಸಿತು. ಟೀಚರಿಗೂ ಕೇಳಿಸಿತು. ಅವರು ತಲೆ ಎತ್ತಲಿಲ್ಲ.

ಆ ಆಲ್ಬಮ್ಮಿನಲ್ಲಿ ಏನಿದೆ ಎಂದು ನನಗೆ ಗೊತ್ತು. ಅರ್ಧಕ್ಕರ್ಧ ಈಗ ಇಲ್ಲದ ರೈಲ್ವೆಗಳದು. ಮನೆ ಮಾರಿದವರು, ಕಣ್ಣು ಹೋದವರು, ತೀರಿಕೊಂಡವರು. ಅವರ ಹಳಿ ಗುಜರಿಗೆ ಹೋಗಿದೆ, ಎಂಜಿನ್ನು ಮೊಮ್ಮಕ್ಕಳ ಕೈಯಲ್ಲಿ ಮುರಿದಿದೆ. ಉಳಿದಿರುವುದು ಈ ಕಾರ್ಡು. ಇದು ಒಂದು ಸಲ ಯಾವುದೋ ಬೀರುವಿಗೆ ಸೇರಿದರೆ, ಅಲ್ಲಿಯವರು ಎಷ್ಟೇ ಒಳ್ಳೆಯವರಾದರೂ, ಪಿನ್ನು ತುಕ್ಕು ಹಿಡಿಯುವವರೆಗೆ ಹೊರಗೆ ಬರುವುದಿಲ್ಲ.

ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ. “ಟೀಚರ್, ದಂಡ ಕಟ್ಟಿಬಿಡೋಣ. ನಾನು ಕಟ್ತೀನಿ. ಮುಗಿದುಹೋಗ್ಲಿ.”

“ಯಾಕೆ ಕಟ್ಬೇಕು?” ಅವರು ಕಿವಿಮಾತಿಗೆ ಕಿವಿಮಾತಿನಲ್ಲಿ ಉತ್ತರ ಕೊಡುವವರಲ್ಲ. “ನಾನು ಟಿಕೆಟ್ ತಗೊಂಡಿದೀನಿ. ದಂಡ ಕಟ್ಟಿದ್ರೆ ತಗೊಂಡಿಲ್ಲ ಅಂತ ಒಪ್ಕೊಂಡ ಹಾಗೆ. ಟಿಕೆಟ್ ಇಲ್ಲ ಅಂತ ನಾನು ಸೈನ್ ಮಾಡಲ್ಲ.”

“ಸ್ವಲ್ಪ ಲೆಕ್ಕ ನೋಡಿ ಟೀಚರ್. ಆಲ್ಬಂ ಹೋಗೋದಕ್ಕಿಂತ...”

“ಲೆಕ್ಕ ನಿಮ್ಮದು. ಸೈನು ನನ್ನದು.”

ಟಿ.ಸಿ. ಅಕ್ಕಪಕ್ಕದವರ ಟಿಕೆಟ್ ನೋಡುತ್ತಿದ್ದರು. ರೈತ ತನ್ನದನ್ನು ತೋರಿಸಿದ, ಸೇವಂತಿಗೆಯವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ನನ್ನನ್ನು ಮಾತ್ರ ಅವರು ಇನ್ನೂ ಕೇಳಿರಲಿಲ್ಲ. ಟೀಚರ ಪರವಾಗಿ ಮಾತಾಡುವವನು ಎಂದು ನನ್ನ ಲೆಕ್ಕವೇ ಬಿಟ್ಟುಹೋಗಿತ್ತು. ಕಿಟಕಿಯಲ್ಲಿ ತೋಟಗಳು ಹೋಗಿ ಗೋದಾಮುಗಳು, ಗೋದಾಮುಗಳು ಹೋಗಿ ಮನೆಗಳು ಬರತೊಡಗಿದವು. ಆಲ್ಬಮ್ಮಿನಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಟೀಚರ ಹಣೆಯ ಮೇಲೆ ಬೆವರು.

ಜೇಬು ಮುಟ್ಟಿಕೊಂಡೆ. ನನ್ನ ಟಿಕೆಟ್ ಇತ್ತು. ಜನರಲ್ ಟಿಕೆಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಇದನ್ನು ಜಾಣತನ ಎಂದುಕೊಳ್ಳಬೇಡಿ. ಜಾಣತನವಾಗಿದ್ದರೆ ಹತ್ತು ನಿಮಿಷ ಮೊದಲೇ ಹೊಳೆಯಬೇಕಿತ್ತು.

“ಸಾರ್,” ಅಂದೆ. “ತಗೊಳಿ. ಇವರ ಟಿಕೆಟ್ ನನ್ನ ಹತ್ರ ಇತ್ತು. ಟಿಕೆಟ್ ಇಲ್ದಿರೋನು ನಾನು.”

ಟಿ.ಸಿ. ಟಿಕೆಟನ್ನು ನೋಡಿದರು. ಇವತ್ತಿನ ತಾರೀಖು, ಭದ್ರಾವತಿ, ಶಿವಮೊಗ್ಗ. ಆಮೇಲೆ ನನ್ನನ್ನು ನೋಡಿದರು.

“ಇಷ್ಟು ಹೊತ್ತು ಯಾಕೆ ಸುಮ್ನಿದ್ರಿ?”

“ಅವರ ಆಲ್ಬಂ ಗಲಾಟೇಲಿ ನನ್ನನ್ನ ಕೇಳದೆ ಮರೀತೀರಿ ಅಂದ್ಕೊಂಡೆ.”

ತನಗೇ ನಷ್ಟ ತರುವ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ. ಅವರು ನಂಬಿದರು. ನನಗಿದ್ದ ಭಯ ಅವರದಲ್ಲ, ಟೀಚರದು. ಜೀವಮಾನವಿಡೀ ಹುಡುಗರ ಸುಳ್ಳು ಹಿಡಿದವರು. “ಇಲ್ಲ, ಅದು ಅವರದೇ ಟಿಕೆಟ್” ಎಂದು ಒಂದು ಮಾತು ಬಿದ್ದಿದ್ದರೆ ಇಬ್ಬರೂ ಮುಳುಗುತ್ತಿದ್ದೆವು. ಅವರು ಬಾಯಿ ತೆರೆದರು. ನಾನು ಅವರ ಮುಖ ನೋಡಲಿಲ್ಲ, ಆಲ್ಬಮ್ಮನ್ನು ನೋಡಿದೆ. ಅವರೂ ಆಲ್ಬಮ್ಮನ್ನು ನೋಡಿದರು. ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು.

ಟಿ.ಸಿ. ಟಿಕೆಟಿನ ಮೇಲೆ ಪೆನ್ನಿನಿಂದ ಗೀಟು ಹಾಕಿ ಟೀಚರಿಗೆ ಕೊಟ್ಟರು. ಆಲ್ಬಂ ಅವರ ಮಡಿಲಿನಲ್ಲೇ ಉಳಿಯಿತು. “ಮೇಡಂ, ಇನ್ಮೇಲೆ ಟಿಕೆಟ್ ಕೈಯಲ್ಲಿ ಇಟ್ಕೊಳಿ” ಅಂದರು. ನನ್ನ ಕಡೆ ತಿರುಗಿ ರಸೀದಿ ಪುಸ್ತಕ ತೆಗೆದರು. ಬರೆಯುತ್ತ ಬರೆಯುತ್ತ ಅವರ ಕಣ್ಣು ನನ್ನ ತೊಡೆಯ ಮೇಲಿನ ಬಿಸ್ಕತ್ ಡಬ್ಬಿಯ ಮೇಲೆ ಬಿತ್ತು.

“ಇದರಲ್ಲೇನು?”

ಆ ಡಬ್ಬಿಯಲ್ಲಿ ನನ್ನ ಈ ವರ್ಷದ ಹೊಸ ಪಾಸುಗಳ ಕಟ್ಟು, ಚಿನ್ನದ ಅಂಚು, ಉಬ್ಬು ಚಕ್ರ, ದುಂಡು ಮೊಹರು. ಟಿಕೆಟ್ ಇಲ್ಲದವನ ಹತ್ತಿರ ಪಾಸಿನ ಕಟ್ಟು. ಈಗ ತಾನೇ ಟೀಚರ ತಲೆಯಿಂದ ಇಳಿಸಿದ್ದನ್ನು ಪೂರ್ತಿಯಾಗಿ ನನ್ನ ತಲೆಗೇ ಕಟ್ಟಿಕೊಂಡಂತೆ.

“ಸಾಮಾನು ಸಾರ್. ಆಟದ್ದು” ಅಂದೆ. ಎರಡೂ ಕೈಯನ್ನು ಮುಚ್ಚಳದ ಮೇಲೆ ಇಟ್ಟುಕೊಂಡಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ಅವರು ಒಂದು ಕ್ಷಣ ನಿಂತರು. ಅಷ್ಟರಲ್ಲಿ ರೈಲು ನಿಧಾನವಾಯಿತು, ಬಾಗಿಲ ಕಡೆ ಜನ ಎದ್ದು ತಳ್ಳಾಡತೊಡಗಿದರು. ದುಡ್ಡು ತೆಗೆದುಕೊಂಡು ರಸೀದಿ ಹರಿದು ಕೊಟ್ಟು ಮುಂದೆ ಹೋದರು.

ಆಮೇಲೆ ಬೋಗಿಯ ಪಾಳಿ. “ಪಾಪ ಆ ಅಮ್ಮನ್ನ ಬೆವರಿಳಿಸಿ ಕೂತು ಮಜಾ ನೋಡ್ದ ಮಾರಾಯ” ಎಂದು ಒಬ್ಬ. ಸೇವಂತಿಗೆಯವಳು ಬುಟ್ಟಿ ಎತ್ತುತ್ತ, “ಬೂಟು ನೋಡು, ವಾಚು ನೋಡು. ಟಿಕೆಟಿಗೆ ಮಾತ್ರ ಬಡತನ” ಅಂದಳು. ಅದನ್ನೆಲ್ಲ ನುಂಗಬಹುದಿತ್ತು. ಟವೆಲಿನ ರೈತ ಏನೂ ಹೇಳದೆ ಎದ್ದ. ಸುಮ್ಮನೆ ಬಿಡಲಾಗದೆ ನಾನೇ ಕೇಳಿದೆ, “ಪಂಪು ಚೆನ್ನಾಗಿ ಓಡ್ತಿದೆಯಾ?”

“ಪಂಪು ಚೆನ್ನಾಗಿದೆ” ಅಂದ. ‘ಪಂಪು’ ಎನ್ನುವುದನ್ನು ಸ್ವಲ್ಪ ಒತ್ತಿ. ಇಳಿದು ಹೋದ. ಎರಡನೆಯದಕ್ಕೆ ಇವತ್ತಿನವರೆಗೂ ಬಂದಿಲ್ಲ.

ಸ್ಟೇಷನ್ನಿನಿಂದ ರವೀಂದ್ರನಗರದವರೆಗೆ ಆಟೋದಲ್ಲಿ ಟೀಚರ್ ಒಂದೇ ಮಾತಾಡಿದರು. “ನೀವು ಸುಳ್ಳು ಹೇಳಿದ್ರಿ, ಅದು ನಿಮ್ಮ ವ್ಯಾಪಾರ. ನಾನು ಸುಮ್ನಿದ್ದೆ. ಅದಕ್ಕೆ ನಾನು ಯಾರಿಗೆ ದಂಡ ಕಟ್ಟಲಿ?” ಡ್ರೈ‌ವರ್ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ರೇಡಿಯೋ ಸಣ್ಣಗೆ ಮಾಡಿದ.

ಮಹಡಿಯ ಮೇಲೆ ಬಂದವರೆಲ್ಲ ಕಾಫಿ ಕುಡಿಯುತ್ತಿದ್ದರು. ನನ್ನ ಹೆಂಡತಿ ಟೀಚರ ಮುಖ ನೋಡಿದವಳೇ ಏನನ್ನೂ ಕೇಳದೆ ನೀರು ತಂದುಕೊಟ್ಟಳು. ನಾನು ಮೇಜಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದೆ. ಹಾಸನದ ಕಾರ್ಡು ಎಲ್ಲದಕ್ಕಿಂತ ಮೇಲಿತ್ತು, ಮುಖ ಕೆಳಗಾಗಿ. ಅದರ ಬೆನ್ನಿಗೆ, ಹಳೆಯ ಟಿಕೆಟಿನ ಮೇಲೆ, ಹೊಸದೊಂದು ಟಿಕೆಟ್ ಹೊಳೆಯುವ ಗುಂಡುಪಿನ್ನಿನಲ್ಲಿ ನೇತಾಡುತ್ತಿತ್ತು. ಭದ್ರಾವತಿ, ಶಿವಮೊಗ್ಗ. ಇವತ್ತಿನ ತಾರೀಖು.

ಟೀಚರ್ ನನ್ನ ಭುಜದ ಮೇಲಿನಿಂದ ನೋಡಿದರು.

“ನೀವು ರೈಲಿನ ಕಡೆ ನೋಡ್ತಿದ್ರಲ್ಲ, ಆಗ ಹೊಡೆದೆ” ಅಂದರು ನಿಧಾನವಾಗಿ, ನೆನಪನ್ನು ಎಳೆದು ತರುವವರ ಹಾಗೆ. “ಒಪ್ಪಿದ್ದೆ ನಾನು. ವ್ಯಾಪಾರ ಮುಗಿದಿತ್ತು. ನೀವು ಇನ್ನೊಂದು ಸೇರಿಸಿ ಅಂದ್ರಲ್ಲ, ತಮಾಷೆಗೆ ಹೇಳ್ತಿದೀರಿ ಅಂತ ನಕ್ಕೆ. ಕವರಿಗೆ ಹಾಕಿ ಕೊಡಕ್ಕೆ ತಗೊಂಡ್ರಿ ಅಂದ್ಕೊಂಡೆ. ರೈಲು ಬಂತು, ಅಷ್ಟೇ, ಮರೆತೇಹೋಯ್ತು.”

ನಾನು ಎರಡು ಕೈಯಿಂದ ಕಾಪಾಡಿಕೊಂಡ ಡಬ್ಬಿಯೊಳಗೆ ಅವರ ಟಿಕೆಟ್ ಕೂತಿತ್ತು. ಆ ಟಿ.ಸಿ. ಹುಡುಗ ಮುಚ್ಚಳ ತೆಗೆಸಿದ್ದರೆ ದಂಡ ಉಳಿಯುತ್ತಿತ್ತು, ಮಾನ ಉಳಿಯುತ್ತಿತ್ತು, ಎರಡನೇ ಪಂಪೂ ಮಾರಾಟವಾಗುತ್ತಿತ್ತು.

ಟೀಚರ್ ಚಪ್ಪಲಿ ಹಾಕಿಕೊಳ್ಳಲು ಹೊರಟರು. “ನಡೀರಿ ಸ್ಟೇಷನ್ನಿಗೆ. ಆ ಹುಡುಗನ್ನ ಹುಡುಕೋಣ. ಎರಡು ಟಿಕೆಟ್ಟೂ ತೋರಿಸೋಣ. ನಾನು ಸುಮ್ನಿದ್ದದ್ದನ್ನೂ ಹೇಳ್ತೀನಿ.”

“ಹೇಳಿ ಏನಾಗುತ್ತೆ ಟೀಚರ್? ಅವನು ಬರೆದ ರಸೀದೀನ ವಾಪಸ್ ತಗೊಳಕ್ಕಾಗುತ್ತಾ? ಅವನಿಗೆ ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಬರೀತಾನೆ.”

“ಬರೀಲಿ.”

ಅವರನ್ನು ತಡೆದದ್ದು ನನ್ನ ಮಾತಲ್ಲ. ಅಷ್ಟರಲ್ಲಿ ಆ ರೈಲು ಶಿವಮೊಗ್ಗ ಬಿಟ್ಟು, ಅದರ ಜೊತೆ ಆ ಹುಡುಗನೂ ಮುಂದಕ್ಕೆ ಹೋಗಿಯಾಗಿತ್ತು. ಟೀಚರ್ ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು, ಕೂತಿದ್ದವರೆಲ್ಲರಿಗೂ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಹೇಳಿದರು, ತಾವು ಸುಮ್ಮನಿದ್ದದ್ದನ್ನೂ ಬಿಡದೆ, ನಾನು ಇನ್ನೊಂದು ಪಾಸಿಗೆ ಆಸೆಪಟ್ಟದ್ದನ್ನಂತೂ ಎರಡು ಸಲ. ಹೇಳಿ ಮುಗಿಸಿದ ಮೇಲೆ ಉಳಿದ ನೀರು ಕುಡಿದು ಮೇಜಿನ ಮುಂದೆ ಕೂತರು.

ಪಿನ್ ಬಿದ್ದ ಮೇಲೆ ವ್ಯಾಪಾರ ಮುಗಿಯಿತು ಎಂಬುದು ನಿಯಮ. ಹಾಸನದ ಪಾಸು ಅವರ ಆಲ್ಬಮ್ಮಿಗೆ ಹೋಯಿತು. ಅವರು ಬೆಕ್ಕಿನ ಪಾಸು ತೆಗೆದು ನನ್ನ ಮುಂದೆ ಇಟ್ಟರು. ಜೊತೆಗೆ ಗೀಟು ಬಿದ್ದ ನನ್ನ ಟಿಕೆಟ್. “ಇದು ನಿಮ್ಮದು. ಚುಚ್ಕೊಳಿ.”

ನಾನು ಟಿಕೆಟನ್ನು ಅವರ ಕಡೆಗೇ ಸರಿಸಿ, ಜೇಬಿನಿಂದ ರಸೀದಿ ತೆಗೆದೆ. ಅವರ ಸೆರಗಿನ ಅಂಚಿನಿಂದ ಒಂದು ಪಿನ್ನು ಕೇಳಿ ಇಸಿದುಕೊಂಡು ಬೆಕ್ಕಿನ ಬೆನ್ನಿಗೆ ಚುಚ್ಚಿದೆ.

ಕೋಣೆಯಲ್ಲಿ ತಕರಾರು ಎದ್ದಿತು. ರಸೀದಿ ಟಿಕೆಟ್ ಆಗುತ್ತದೆಯೇ? ಪಾಸು ಬೆಂದ ಲೆಕ್ಕವೋ ಹಸಿಯೋ? ದಾವಣಗೆರೆಯಿಂದ ಬಂದಿದ್ದ ಹಿರಿಯರೊಬ್ಬರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, “ಬೆಂದಿದೆ, ಸ್ವಲ್ಪ ತಳ ಹಿಡಿದಿದೆ” ಎಂದು ತೀರ್ಪು ಕೊಟ್ಟರು. ರೈಲು ಇಳಿದ ಮೇಲೆ ಟೀಚರ್ ಮೊದಲ ಸಲ ನಕ್ಕರು. ಆಮೇಲೆ ನನ್ನ ಲೈನಿನ ಸ್ವಿಚ್ ತಾವೇ ಒತ್ತಿ ರೈಲು ಬಿಟ್ಟರು.

ಅಂದಿನಿಂದ ಆ ಬೆಕ್ಕಿನ ಪಾಸನ್ನು ಎಷ್ಟೋ ಜನ ಕೇಳಿದ್ದಾರೆ. ಒಬ್ಬರು ಎಂಜಿನ್ನನ್ನೇ ಕೊಡುತ್ತೇನೆ ಎಂದರು. ಟೀಚರೂ ಕೇಳಿದ್ದಾರೆ, ಬದಲಿಗೆ ಇನ್ನೊಂದು ಬೆಕ್ಕನ್ನು ಬರೆದು ಕೊಡುತ್ತೇನೆ, ಆ ರಸೀದಿ ನನಗಿರಲಿ ಎಂದು. ನಾನು ಕೊಟ್ಟಿಲ್ಲ. ಬೆಲೆ ಏರಲಿ ಎಂದಲ್ಲ. ಅದು ಅವರ ಆಲ್ಬಮ್ಮಿನಲ್ಲಿದ್ದರೆ, ಹಾಳೆ ತಿರುವಿದಾಗಲೆಲ್ಲ ಅವರು ಸುಮ್ಮನಿದ್ದದ್ದು ನೆನಪಾಗುತ್ತದೆ. ನನ್ನ ಡಬ್ಬಿಯಲ್ಲಿದ್ದರೆ ನನ್ನ ಚೌಕಾಸಿ ಮಾತ್ರ ನೆನಪಾಗುತ್ತದೆ.

ನೀವು ಈ ಹವ್ಯಾಸಕ್ಕೆ ಇಳಿಯುವುದಾದರೆ ಒಂದೆರಡು ಮಾತು ಕೇಳಿ. ಪಾಸು ಮಾಡಿಸುವಾಗ ನಿಜದ್ದರ ಹಾಗೆ ಕಾಣಲಿ ಎಂದು ಆಸೆಪಡಬೇಡಿ; ಉಬ್ಬು ಅಚ್ಚು, ದುಂಡು ಮೊಹರು ಬೇಡ. ‘ಇದು ಆಟದ ರೈಲಿನ ಪಾಸು, ಪ್ರಯಾಣಕ್ಕಲ್ಲ’ ಎಂದು ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ಹಾಕಿಸಿ. ನಾನು ಈಗ ಹಾಗೇ ಹಾಕಿಸುತ್ತಿದ್ದೇನೆ, ಪ್ರಿಂಟಿಂಗಿನವರು ಅದಕ್ಕೆ ಹೆಚ್ಚಿಗೆ ಕೇಳುವುದಿಲ್ಲ. ಮನೆ ಮುಟ್ಟುವವರೆಗೆ ಟಿಕೆಟನ್ನು ಯಾವುದಕ್ಕೂ ಚುಚ್ಚಬೇಡಿ, ಮೇಲಿನ ಜೇಬಿನಲ್ಲಿ ಒಂಟಿಯಾಗಿ ಇರಲಿ. ಆಲ್ಬಂ ಹೊತ್ತು ಹೋಗಲೇಬೇಕಾದರೆ, ಈಗ ಇಲ್ಲದವರ ಪಾಸುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಪ್ಲಾಟ್‌ಫಾರ್ಮಿನ ಮೇಲೆ ವ್ಯಾಪಾರ ಬೇಡ, ರೈಲು ಯಾರಿಗೂ ಕಾಯುವುದಿಲ್ಲ. ಮತ್ತೆ, ಎದುರಿನವರು ಸುಮ್ಮನೆ ಕೂತಿದ್ದರೆ ಇನ್ನೂ ಒಪ್ಪಿಲ್ಲ ಎಂದುಕೊಂಡು ಬೆಲೆ ಏರಿಸಲು ಹೋಗಬೇಡಿ. ಕಾರ್ಡನ್ನು ವಾಪಸ್ ಎತ್ತಿಕೊಳ್ಳುವ ಮೊದಲು ಒಂದು ಸಲ ತಿರುಗಿಸಿ ಅದರ ಬೆನ್ನು ನೋಡಿ.